ಚೆಕ್ ತೆಗೆಯುವುದಿಲ್ಲ ಎಂದ ಭವಿತಾ

ಗುತ್ತಿಗಾರಿನ ಜೀಪು ಮೆಕ್ಯಾನಿಕ್ ಚನಿಯಪ್ಪನ ಮಗಳು ಭವಿತಾ ಏಳನೇ ತರಗತಿಯಲ್ಲಿದ್ದಾಗ ಒಂದು ಇಡೀ ಮಧ್ಯಾಹ್ನ ಬೆಂಚಿನ ಮೇಲೆ ನಿಂತಿದ್ದಳು. ಮಾಸ್ಟ್ರು ಬೋರ್ಡಿನಲ್ಲಿ ಮಾಡಿದ ಲೆಕ್ಕ ತಪ್ಪು ಎಂದದ್ದೇ ಅವಳ ಅಪರಾಧ. "ಸರಿ ಉಂಟು ಅಂತ ಹೇಳು, ಕೂತುಕೊ" ಎಂದರು ಮಾಸ್ಟ್ರು. "ನೀವು ಸರಿ ಮಾಡಿ ಸರ್, ನಾನು ಕೂತುಕೊಳ್ತೇನೆ" ಎಂದಳು ಇವಳು. ಬೆಲ್ಲು ಹೊಡೆಯುವವರೆಗೂ ಇಬ್ಬರೂ ಸೋಲಲಿಲ್ಲ. ಮರುದಿನ ಬೋರ್ಡಿನಲ್ಲಿ ಲೆಕ್ಕ ತಾನಾಗಿಯೇ ಸರಿಯಾಗಿತ್ತು. ವಿಷಯ ತಿಳಿದ ಚನಿಯಪ್ಪ ಮಗಳನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಕಾಲು ನೋವುಂಟಾ?" ಎಂದು ಕೇಳಿದ. ಉಂಟು ಎಂದಳು. "ಹಾಗಾದ್ರೆ ಎಣ್ಣೆ ಹಚ್ಚು" ಎಂದು ಮತ್ತೆ ಜೀಪಿನ ಅಡಿಗೆ ಹೋದ.

ಈಗ ಅವಳಿಗೆ ಮೂವತ್ತೊಂದು. ಬೆಂಚಿನಿಂದ ಇಳಿದಿದ್ದಾಳೆ ಎಂದು ಯಾರೂ ಖಚಿತವಾಗಿ ಹೇಳಲಾರರು.

ಸುಳ್ಯದ ಬಸ್ ಸ್ಟ್ಯಾಂಡಿನ ಎದುರಿನ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಗಿರಿಧರ ಎಂಬವರ ಪುಟ್ಟ ಸಾಫ್ಟ್‌ವೇರ್ ಕಚೇರಿ ಇದೆ. ಏಳು ಜನ, ಎಂಟು ಕಂಪ್ಯೂಟರ್, ಒಂದು ಹಟಮಾರಿ ಫ್ಯಾನು. ಹಾಲಿನ ಸೊಸೈಟಿಗೆ, ಶಾಲೆಗಳಿಗೆ, ಮದುವೆ ಹಾಲ್‌ಗಳಿಗೆ ಬೇಕಾದ ಪ್ರೋಗ್ರಾಂಗಳು ಅಲ್ಲಿ ಹುಟ್ಟುತ್ತವೆ. ಭವಿತಾ ಅಲ್ಲಿ ಒಂಬತ್ತು ವರ್ಷದಿಂದ ಇದ್ದಾಳೆ. ಹೊಸ ಪ್ರೋಗ್ರಾಂ ಶುರುವಾಗುವ ಮೊದಲು ಅದರಲ್ಲಿ ಯಾವ ಯಾವ ಲೈಬ್ರರಿ ಸೇರಬೇಕು ಎಂದು ನೋಡಿ ಆರಿಸುವುದು ಅವಳ ಕೆಲಸ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುತ್ತಾ ಕೂರುವುದಿಲ್ಲ. ಮನೆ ಕಟ್ಟುವವನು ಬೀಗವನ್ನು ಅಂಗಡಿಯಿಂದ ತರುತ್ತಾನಲ್ಲ, ಹಾಗೆ. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಿ, ಬೇಕಿದ್ದರೆ ಬಳಸಿ ಎಂದು ತೆರೆದಿಟ್ಟ ಕೋಡು ರಾಶಿ ರಾಶಿ ಇದೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರು ಕಣ್ಣು ಮುಚ್ಚಿ ಬಾಚಿಕೊಳ್ಳುತ್ತಾರೆ. ಭವಿತಾ ಬಾಚಿಕೊಳ್ಳುವವಳಲ್ಲ.

ಅವಳಿಗೆ ಈ ವಿದ್ಯೆ ಬಂದದ್ದು ಕಾಲೇಜಿನಿಂದಲ್ಲ, ಅಪ್ಪನಿಂದ. ಹಳೆ ಜೀಪು ಕೊಳ್ಳುವವರು ಚನಿಯಪ್ಪನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಬಾನೆಟ್ಟಿಗೆ ಕೈ ಸವರಿ "ಎಂಥ ಪೈಂಟು ಮಾರಾಯ್ರೆ" ಎನ್ನುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅವನು ನೆಲಕ್ಕೆ ಗೋಣಿ ಹಾಸಿ ಸೀದಾ ಅಡಿಗೆ ನುಸುಳುತ್ತಿದ್ದ. ಹೊರಗೆ ಬಂದು ಕೇಳುತ್ತಿದ್ದದ್ದು ಇಷ್ಟೇ: ಇದುವರೆಗೆ ಯಾರು ನೋಡಿಕೊಂಡದ್ದು? ಕೊನೆಯ ರಿಪೇರಿ ಯಾವಾಗ? ನಾಳೆ ಹಾಳಾದರೆ ಸಾಮಾನು ಎಲ್ಲಿ ಸಿಗುತ್ತದೆ? ಉತ್ತರ ಸರಿಯಿಲ್ಲದಿದ್ದರೆ ಗಾಡಿಯ ಯಜಮಾನ ಎದುರಿಗೇ ಇದ್ದರೂ "ಬೇಡ" ಎಂದು ಗೋಣಿ ಮಡಚುತ್ತಿದ್ದ. ಮಗಳು ಲೈಬ್ರರಿಗಳಿಗೆ ಇದನ್ನೇ ಕೇಳುತ್ತಾಳೆ. ಕೊನೆಯ ಸಲ ಯಾರು ಯಾವಾಗ ತಿದ್ದಿದರು, ದೂರು ಕೊಟ್ಟವರಿಗೆ ಉತ್ತರ ಬಂದಿದೆಯೇ, ಇದೊಂದನ್ನು ತಂದರೆ ಹಿಂದಿನಿಂದ ಇನ್ನೆಷ್ಟು ನೆಂಟರು ಬರುತ್ತಾರೆ. ಎಲ್ಲವನ್ನೂ ನೀಲಿ ರಟ್ಟಿನ ಪುಸ್ತಕದಲ್ಲಿ ಒಂದೊಂದಕ್ಕೆ ಒಂದೊಂದು ಪುಟದಂತೆ ಬರೆದಿಡುತ್ತಾಳೆ. ಎಷ್ಟು ಸಾವಿರ ಜನ ಮೆಚ್ಚಿ ನಕ್ಷತ್ರ ಕೊಟ್ಟಿದ್ದಾರೆ ಎಂಬುದು ಅವಳ ಮಟ್ಟಿಗೆ ಬಾನೆಟ್ಟಿನ ಬಣ್ಣ.

ಒಂದೂವರೆ ವರ್ಷದ ಹಿಂದೆ ಗಿರಿಧರರಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಪುತ್ತೂರು, ಸುಳ್ಯ, ಕಡಬ, ಮೂರು ಕಡೆ ಉಚಿತ ಡಯಾಲಿಸಿಸ್ ಕೇಂದ್ರ ನಡೆಸುವ ಒಂದು ಟ್ರಸ್ಟಿಗೆ ರೋಗಿಗಳ ಸರದಿ ನೋಡಿಕೊಳ್ಳುವ ಹೊಸ ಪ್ರೋಗ್ರಾಂ ಬೇಕಿತ್ತು. ಹಳೆಯದು ಇತ್ತು, ಅದನ್ನು ಯಾಕೆ ಬಿಟ್ಟರು ಎಂಬುದಕ್ಕೆ ಒಂದು ಕಥೆಯಿದೆ, ಆ ಕಥೆಯ ಹೆಸರು ಕುಂಞಚ್ಚನ್.

ಕುಂಞಚ್ಚನ್ ನೆಲ್ಯಾಡಿ ಕಡೆಯ ಮಲಯಾಳಿ ರಬ್ಬರ್ ಕೃಷಿಕ. ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಹೆಂಡತಿ ವತ್ಸಮ್ಮನ ಜೊತೆ ಕಡಬಕ್ಕೆ ಬಂದು ಕುರ್ಚಿಯಲ್ಲಿ ನಾಲ್ಕು ಗಂಟೆ ಒರಗಬೇಕು. ಒಂದು ಗುರುವಾರ ಮೊದಲ ಬಸ್ಸಿಗೆ ಬಂದು ನೋಡಿದರೆ ಅವರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಯಾರೋ ಎಲ್ಲಿಂದಲೋ ಫೋನಿನಲ್ಲೇ ಹಳೆ ಪ್ರೋಗ್ರಾಮಿಗೆ ನುಗ್ಗಿ ಸರದಿ ಬದಲಿಸಿದ್ದರು. ಅದು ಕೇಂದ್ರದಿಂದಲೇ ಬಂದ ಬದಲಾವಣೆಯೋ ಅಲ್ಲವೋ ಎಂದು ಪರೀಕ್ಷಿಸುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಆ ದಿನ ಬೇರೆ ಕುರ್ಚಿ ಖಾಲಿ ಇರಲಿಲ್ಲ. ಮರುದಿನ ಬೆಳಗಾಗುವಾಗ ಅವರ ಶ್ವಾಸಕೋಶದಲ್ಲಿ ನೀರು ತುಂಬಿ ಮಂಗಳೂರಿಗೆ ಒಯ್ಯಬೇಕಾಯಿತು. ಬದುಕಿದರು. ಬದಲಿಸಿದವರು ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ.

ಕೆಲಸ ಶುರುವಾಗುವಾಗ ಕುಂಞಚ್ಚನ್ ಸುಳ್ಯಕ್ಕೆ ಯಾವುದೋ ಕಾಗದಕ್ಕೆ ಬಂದವರು ಕಚೇರಿಯ ಮೆಟ್ಟಲು ಏರಿ, ಏದುಸಿರು ಬಿಡುತ್ತಾ ಭವಿತಾಳ ಎದುರು ಕೂತು, ಮಗಳೇ ಎಂದು ತಮ್ಮ ಮಲಯಾಳದಲ್ಲಿ ಕರೆದಿದ್ದರು. "ಮೋಳೇ, ನನಗೆ ಕಂಪ್ಯೂಟರ್ ಗೊತ್ತಿಲ್ಲ. ನನ್ನ ಕುರ್ಚಿ ನನಗೆ ಉಂಟಾ ಅಂತ ಒಂದು ಗೊತ್ತಾದ್ರೆ ಸಾಕು" ಎಂದಿದ್ದರು. "ಇರ್ತದೆ ಅಂಕಲ್" ಎಂದಿದ್ದಳು. ಅವಳು ಬಾಯಿಗೆ ಬಂದದ್ದನ್ನು ಆಡುವವಳಲ್ಲ. ಆಡಿದ ಮೇಲೆ ಮುಗಿಯಿತು.

ಆದ್ದರಿಂದ ಹೊಸ ಪ್ರೋಗ್ರಾಮಿನಲ್ಲಿ ಟೋಕನ್ ತಂದಳು. ಕೇಂದ್ರದ ಕಂಪ್ಯೂಟರು ಯಾರದೇ ಸರದಿ ಬರೆದರೂ ಬದಲಿಸಿದರೂ ಅದರ ಜೊತೆ ಟೋಕನ್ ಎಂಬ ಒಂದು ಚೀಟಿ ಹೋಗುತ್ತದೆ. ಯಾವ ಕೇಂದ್ರ, ಯಾರು ಬರೆದದ್ದು, ಎಷ್ಟು ಗಂಟೆಗೆ ಎಂದು ಅದರಲ್ಲಿ ಇರುತ್ತದೆ, ಮೇಲೊಂದು ಗುಪ್ತ ಮೊಹರು. ಆ ಕಡೆ ಮೂರೂ ಕೇಂದ್ರಗಳ ಸರದಿ ಇಟ್ಟುಕೊಂಡ ಸರ್ವರ್ ಮೊಹರು ನೋಡಿ, ಸಮಯ ನೋಡಿ, ಆಮೇಲಷ್ಟೇ ಒಳಗೆ ಬಿಡುತ್ತದೆ. ಒಂದಕ್ಷರ ತಿದ್ದಿದರೂ ಮೊಹರು ಒಡೆಯುತ್ತದೆ. ಹಳೆ ಚೀಟಿಯನ್ನು ಕದ್ದು ಮತ್ತೆ ಕಳಿಸಿದರೆ ಸಮಯ ಹಿಡಿದುಕೊಡುತ್ತದೆ.

ಈ ಪರೀಕ್ಷೆಗೆ ಅವಳ ಮುಂದೆ ಎರಡು ಲೈಬ್ರರಿಗಳಿದ್ದವು. ಒಂದಕ್ಕೆ ಹನ್ನೊಂದು ಸಾವಿರ ನಕ್ಷತ್ರ. ಆದರೆ ಮೂರು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ, ನಲವತ್ತಕ್ಕೂ ಹೆಚ್ಚು ದೂರುಗಳು ಉತ್ತರವಿಲ್ಲದೆ ಬಿದ್ದಿದ್ದವು. ಅದರಲ್ಲೊಂದು ದೂರು, ಮೊಹರೇ ಇಲ್ಲದ ಚೀಟಿಯನ್ನೂ ಇದು ಒಪ್ಪಿಕೊಳ್ಳುತ್ತದೆ ಎಂದಿತ್ತು. ಭವಿತಾ ತಾನೇ ಒಂದು ಬೋಳು ಚೀಟಿ ಮಾಡಿ ಕಳಿಸಿ ನೋಡಿದಳು. ಬಾಗಿಲು ತೆರೆಯಿತು. ನೀಲಿ ಪುಸ್ತಕದಲ್ಲಿ "ಚಂದದ ಬಣ್ಣ, ಅಡಿಯಲ್ಲಿ ತುಕ್ಕು" ಎಂದು ಬರೆದು ಪುಟಕ್ಕೆ ಅಡ್ಡ ಗೆರೆ ಎಳೆದಳು. ಇನ್ನೊಂದು ಚಿಕ್ಕದು, ನೋಡಿಕೊಳ್ಳುವವರು ಇಬ್ಬರೇ. ಆದರೆ ಪ್ರತಿ ತಿಂಗಳೂ ತಿದ್ದುಪಡಿ, ಪ್ರತಿ ದೂರಿಗೂ ಉತ್ತರ. ಇವಳೇ ಒಂದು ಪ್ರಶ್ನೆ ಹಾಕಿದಳು. ಮರುದಿನವೇ ನೀವು ತಿಳಿದದ್ದು ತಪ್ಪು, ಕಾರಣ ಇದು ಎಂದು ವಿವರವಾಗಿ ಬರೆದಿದ್ದರು. ತಪ್ಪು ಎಂದು ಮುಖಕ್ಕೆ ಹೇಳುವವರನ್ನು ಕಂಡರೆ ಇವಳಿಗೆ ಪ್ರೀತಿ. ಅದನ್ನೇ ಆರಿಸಿದಳು.

ಎಲ್ಲ ಬರೆದು ಮುಗಿದ ಮೇಲೆ ಒಂದು ಸೋಮವಾರ ಮೂರೂ ಕೇಂದ್ರಗಳಲ್ಲಿ ಹೊಸ ಪ್ರೋಗ್ರಾಂ ಶುರುವಾಯಿತು. ಪುತ್ತೂರಿನಲ್ಲಿ ನಡೆಯಿತು, ಸುಳ್ಯದಲ್ಲಿ ನಡೆಯಿತು. ಕಡಬದಲ್ಲಿ ಮಾತ್ರ ಏನು ಬರೆದರೂ ಪರದೆಯ ಮೇಲೆ ಕೆಂಪಕ್ಷರ: "ಟೋಕನ್ ಅಮಾನ್ಯ." ಮಂಗಳವಾರವೂ ಅದೇ, ಬುಧವಾರವೂ ಅದೇ. ಕಡಬದ ಮೇಜು ನೋಡಿಕೊಳ್ಳುವ ಸೇವಂತಿಯಕ್ಕ ಸರದಿಯನ್ನೆಲ್ಲ ಶಾಲೆ ಮಕ್ಕಳ ನೋಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು ದಿನ ದೂಡಿದರು.

ಭವಿತಾ ಫೋನಿನಲ್ಲಿ ಒಂದೊಂದಾಗಿ ಕೇಳಿದಳು. ಇಂಟರ್ನೆಟ್ ಉಂಟಾ? ಉಂಟು. ಮೊಹರಿನ ಫೈಲು ಹಾಕಿದ ಜಾಗದಲ್ಲೇ ಉಂಟಾ? ಉಂಟು. ಕಂಪ್ಯೂಟರಿನ ಟೈಮ್ ಸರಿ ಉಂಟಾ?

"ಕರೆಕ್ಟ್ ಉಂಟು ಮಾರಾಯ್ತಿ" ಎಂದರು ಸೇವಂತಿಯಕ್ಕ. "ಗೋಡೆ ಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷ ಆಚೀಚೆ ಇಲ್ಲ. ಬೇಕಾದ್ರೆ ಬಂದು ನೋಡು."

ಅದಕ್ಕೂ ಸರಿ ಗುರುತು ಬಿತ್ತು.

ಈಗ ಅವಳ ತಪ್ಪನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳೇ ಬಂದು ಜಗಳ ಮಾಡುತ್ತಾಳೆ. ಚೀಟಿ ಯಾಕೆ ತಿರಸ್ಕಾರವಾಯಿತು ಎಂದು ಆ ಲೈಬ್ರರಿ ಬಿಡಿಸಿ ಹೇಳುತ್ತದೆ. ಇವಳು ಆತುರದಲ್ಲಿ ಎಲ್ಲ ಕಾರಣಗಳನ್ನೂ "ಅಮಾನ್ಯ" ಎಂಬ ಒಂದೇ ಗಂಟಿಗೆ ಕಟ್ಟಿ ಹಾಕಿದ್ದಳು. ಗಂಟು ಬಿಚ್ಚಲು ಪ್ರೋಗ್ರಾಮನ್ನು ಮತ್ತೆ ಮುಟ್ಟಬೇಕು. ಗಿರಿಧರರು ಮುಟ್ಟಲು ಬಿಡಲಿಲ್ಲ.

"ಮುಟ್ಟಿದ್ದು ಸಾಕು" ಎಂದರು ಶುಕ್ರವಾರ ಬೆಳಿಗ್ಗೆ. ಟ್ರಸ್ಟಿನ ಕಾರ್ಯದರ್ಶಿ ಕೃಷ್ಣಮೋಹನರು ಅವರಿಗೆ ಆಗಲೇ ಎರಡು ಸಲ ಫೋನು ಮಾಡಿ, ಊರಿನವರಿಗೆ ಕೊಟ್ಟದ್ದೇ ತಪ್ಪಾಯಿತು, ಮಂಗಳೂರಿನ ದೊಡ್ಡ ಕಂಪೆನಿಗೆ ಕೊಡಬೇಕಿತ್ತು ಎಂದಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ಕಾರಣವೇ ಬೇಕಾಗಿಲ್ಲ, ಇಲ್ಲಿ ಕಾರಣವೂ ಸಿಕ್ಕಿತ್ತು. "ಹನ್ನೊಂದು ಸಾವಿರ ಜನ ಒಪ್ಪಿದ್ದನ್ನು ಬಿಟ್ಟು ಇಬ್ಬರು ಮಾಡಿದ್ದನ್ನು ತಂದು ಕಟ್ಟಿದ್ದಿ. ಈಗ ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂತಿದ್ದಿ. ಇನ್ನು ಮುಟ್ಟುದಾದ್ರೆ ಆ ಟೋಕನ್ ಚೆಕ್ ತೆಗೀಲಿಕ್ಕೆ ಮಾತ್ರ. ಒಂದು ಸಾಲು ಬದಲಾಯಿಸಿದ್ರೆ ಎಲ್ಲ ನಡೀತದೆ."

"ನಡೀತದೆ ಸರ್. ಯಾರು ಬೇಕಾದ್ರೂ ಒಳಗೆ ಬರ್ಬಹುದು, ಹಾಗೆ ನಡೀತದೆ."

"ಕಡಬದಲ್ಲಿ ಯಾರಿದ್ದಾರೆ ಮಾರಾಯ್ತಿ ಹ್ಯಾಕ್ ಮಾಡ್ಲಿಕ್ಕೆ?"

"ಕುಂಞಚ್ಚನ್ ಅವರ ಕುರ್ಚಿ ಬದಲಿಸಿದವರು ಯಾರು ಸರ್?"

ಇಂಥ ಪ್ರಶ್ನೆ ಬಂದಾಗ ಮಾಲೀಕರಾದವರಿಗೆ ಒಂದು ಅನುಕೂಲ ಉಂಟು, ಗಿರಿಧರರು ಅದನ್ನು ಬಳಸಿದರು. "ನಾಳೆ ಮೂರು ಗಂಟೆಗೆ ಕಡಬದಲ್ಲಿ ಮೀಟಿಂಗು. ಅಷ್ಟರೊಳಗೆ ಕಾರಣ ತಾ. ಇಲ್ಲದಿದ್ರೆ ಅವರ ಎದುರೇ ಚೆಕ್ ನಾನು ತೆಗೀತೇನೆ. ನೀನು ಸೋಮವಾರದಿಂದ ಬರುದು ಬೇಡ."

"ಚೆಕ್ ನಾನು ತೆಗೆಯುದಿಲ್ಲ. ನೀವು ತೆಗೆದ್ರೆ ನಾನು ಸೋಮವಾರ ಹೇಗೂ ಬರುದಿಲ್ಲ" ಎಂದು ಭವಿತಾ ನೀಲಿ ಪುಸ್ತಕವನ್ನು ಬ್ಯಾಗಿಗೆ ಹಾಕಿದಳು. ಹೆದರಿಕೆ ಅವಳಿಗೂ ಆಗುತ್ತದೆ. ಮನೆಯ ಸಾಲದ ಕಂತಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಒಂದು ಸಣ್ಣ ಅನುಮಾನ: ನಿಜವಾಗಿಯೂ ನಾನು ಆರಿಸಿದ್ದೇ ಕೆಟ್ಟದ್ದಾಗಿದ್ದರೆ?

ಆ ಸಂಜೆ ಕೂತು ಲೈಬ್ರರಿಯ ಕೋಡನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. ತಪ್ಪು ಕಾಣಲಿಲ್ಲ. ಅಪ್ಪನಿಗೆ ಎಲ್ಲ ಹೇಳಿದಳು. ಚನಿಯಪ್ಪ ಸಂಧಿವಾತದ ಬೆರಳುಗಳನ್ನು ಒತ್ತಿಕೊಳ್ಳುತ್ತಾ ಕೇಳಿದ. "ಗಾಡಿ ನೋಡಿದ್ದಿ. ಅದು ಓಡುವ ಮಾರ್ಗ ನೋಡಿದ್ದಿಯಾ?" ಎಂದ.

ಇಲ್ಲ. ಪುತ್ತೂರಿಗೆ ಹೋಗಿದ್ದಳು, ಸುಳ್ಯದ ಕೇಂದ್ರ ಅವಳ ಕಚೇರಿಯ ಹಿಂದೆಯೇ ಇದೆ. ಕಡಬದ್ದನ್ನು ಮಾತ್ರ ಫೋನಿನಲ್ಲೇ ಹೇಳಿ ಹಾಕಿಸಿದ್ದಳು. ಎಲ್ಲರ ಜೀಪಿನ ಅಡಿಗೂ ನುಸುಳುವವಳು ಕಡಬಕ್ಕೆ ಒಂದು ಬಸ್ಸು ಹತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಶನಿವಾರ ಪಂಜದ ಮೇಲೆ ಹೋಗುವ ಬಸ್ಸಿನಲ್ಲಿ ಕಡಬಕ್ಕೆ ಬಂದಳು. ಮೊದಲು ರಬ್ಬರ್ ಶೀಟಿನ ಗೋಡೌನ್ ಆಗಿದ್ದ ಉದ್ದನೆಯ ಕಟ್ಟಡ, ಒಳಗೆ ಆರು ಕುರ್ಚಿ, ಆರು ಯಂತ್ರ. ಬಾಗಿಲಲ್ಲೇ ಸೇವಂತಿಯಕ್ಕನ ಬೆತ್ತದ ಬುಟ್ಟಿ. "ಫೋನು ಅದಕ್ಕೆ ಹಾಕು. ಡಾಕ್ಟ್ರು ಬಂದ್ರೂ ಹಾಕ್ಬೇಕು. ಇಲ್ಲದಿದ್ರೆ ಒಬ್ಬರದ್ದು ಯಕ್ಷಗಾನ, ಇನ್ನೊಬ್ಬರದ್ದು ಕ್ರಿಕೆಟ್, ಮಲಗಿದವರಿಗೆ ತಲೆ ಚಿಟ್ಟು." ಐವತ್ತು ದಾಟಿದ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು, ಎರಡು ತಾಲೂಕಿನ ಬಸ್ಸಿನ ವೇಳೆಯೆಲ್ಲ ಅವರ ಬಾಯಲ್ಲಿತ್ತು. ಭವಿತಾ ಫೋನನ್ನು ಬುಟ್ಟಿಗೆ ಹಾಕಿ ಮೇಜಿಗೆ ಕೂತಳು.

ಮೊಹರಿನ ಫೈಲನ್ನು ಅಕ್ಷರ ಅಕ್ಷರ ಹೋಲಿಸಿದಳು, ಸರಿಯಿತ್ತು. ಇಂಟರ್ನೆಟ್ ಸರಿಯಿತ್ತು. ಪರದೆಯಲ್ಲಿ ಹತ್ತೂ ಇಪ್ಪತ್ತೈದು. ತಲೆಯೆತ್ತಿದರೆ ಗೋಡೆಯಲ್ಲೂ ಹತ್ತೂ ಇಪ್ಪತ್ತೈದು. ಅದೂ ಸರಿ. ತನ್ನ ಲ್ಯಾಪ್‌ಟಾಪಿನಿಂದ ಅದೇ ಮೊಹರು ಹಾಕಿ ಕಳಿಸಿದಳು, ಚೀಟಿ ಒಳಗೆ ಹೋಯಿತು. ಮೇಜಿನ ಕಂಪ್ಯೂಟರಿನಿಂದ ಕಳಿಸಿದಳು, ಕೆಂಪಕ್ಷರ. ಲ್ಯಾಪ್‌ಟಾಪಿನ ಮೂಲೆಯಲ್ಲೂ ಸಮಯ ಕಾಣುತ್ತಿತ್ತು. ಅತ್ತ ಒಮ್ಮೆ ಕಣ್ಣು ಹಾಯಿಸಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಹಾಯಿಸಲಿಲ್ಲ. ಸರಿ ಎಂದು ಎರಡು ಸಲ ಗುರುತು ಹಾಕಿದ್ದನ್ನು ಮೂರನೇ ಸಲ ಯಾರು ನೋಡುತ್ತಾರೆ? ಅವಳು ಇಪ್ಪತ್ತು ಸಲ ಪ್ರಯತ್ನಿಸಿದಳು, ಇಪ್ಪತ್ತು ಸಲವೂ ಕೆಂಪು.

ಗೋಡೆಯಲ್ಲಿ ಹನ್ನೆರಡು ಹದಿನೈದಾಗುವಾಗ ಸೇವಂತಿಯಕ್ಕ ಒಳಗೆ ಹೋಗಿ ಕೂಗಿದರು, "ಕುಂಞಚ್ಚಾ, ಹೊರಡಿ! ಹನ್ನೆರಡೂವರೆಯ ಬಸ್ಸು!" ಕುಂಞಚ್ಚನ್ ವತ್ಸಮ್ಮನ ಭುಜ ಹಿಡಿದು ಬಂದರು. ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ತೆಗೆದುಕೊಂಡ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಭವಿತಾಳನ್ನು ಕಂಡು ಗುರುತು ಹಿಡಿದರು. "ಮೋಳೇ, ಈ ಕೆಂಪು ನಿನ್ನದಾ?"

"ನನ್ನದೇ ಅಂಕಲ್" ಎಂದು ಅವಳು ಎದ್ದಳು. ಅಲ್ಲಿ ಕೂತು ಮಾಡಲು ಏನೂ ಉಳಿದಿರಲಿಲ್ಲ. ಅವರ ಚೀಲ ಎತ್ತಿಕೊಂಡು, ಬುಟ್ಟಿಯಿಂದ ಫೋನು ತೆಗೆದು ಬ್ಯಾಗಿಗೆ ತುರುಕಿ ಜೊತೆಗೆ ನಡೆದಳು. ಹೊರಡುವಾಗ ಗೋಡೆಯಲ್ಲಿ ಹನ್ನೆರಡೂ ಇಪ್ಪತ್ತು. ಕುಂಞಚ್ಚನ್ ಹತ್ತು ಹೆಜ್ಜೆ ನಡೆದು ಒಂದು ಸಲ ನಿಲ್ಲುತ್ತಿದ್ದರು. ಪೇಟೆಯ ಹತ್ತಿರ ಬರುವಷ್ಟರಲ್ಲಿ ಭವಿತಾಳಿಗೆ ಚಡಪಡಿಕೆ ಶುರುವಾಯಿತು.

"ಬಸ್ಸು ಹೋಯ್ತೇನೋ ಆಂಟಿ. ನಾನು ಓಡಿ ನಿಲ್ಲಿಸ್ಲಾ?"

"ಯಾಕೆ ಓಡುದು?" ಎಂದರು ವತ್ಸಮ್ಮ, ಒಂದಿಷ್ಟೂ ಅವಸರವಿಲ್ಲದೆ. "ಇನ್ನೂ ಬೇಕಾದಷ್ಟು ಟೈಮ್ ಉಂಟು."

"ಹನ್ನೆರಡೂವರೆ ಆಯ್ತಲ್ಲ!" ಎಂದು ಭವಿತಾ ಫೋನು ತೆಗೆದು ನೋಡಿದಳು. ಹನ್ನೆರಡೂ ಹತ್ತೊಂಬತ್ತು. ಫೋನು ಕೆಟ್ಟಿತೇ ಎಂದು ಅಲುಗಿಸಿದಳು. ಹೊರಟದ್ದೇ ಹನ್ನೆರಡೂ ಇಪ್ಪತ್ತಕ್ಕೆ.

ವತ್ಸಮ್ಮ ನಕ್ಕರು. "ಅದು ಹೊರಗಿನ ಟೈಮ್ ಮೋಳೇ. ಸೆಂಟರಿನ ಟೈಮ್ ಬೇರೆ. ಸೇವಂತಿ ಹನ್ನೆರಡು ನಿಮಿಷ ಮುಂದೆ ಇಟ್ಟದ್ದು. ಇವರಿಗೆಲ್ಲ ಓಡ್ಲಿಕ್ಕೆ ಆಗುದಿಲ್ವಲ್ಲ, ಮೆಲ್ಲ ನಡೀಲಿಕ್ಕೆ ಟೈಮ್ ಬೇಡ್ವಾ?"

ಭವಿತಾ ಕಡಬದ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದುಕೊಂಡು ನಿಂತಲ್ಲೇ ಜೋರಾಗಿ ನಕ್ಕಳು. ಕಡಲೆ ಮಾರುವವನು ತಿರುಗಿ ನೋಡಿದ. ಅವಳ ಲೈಬ್ರರಿ ಐದು ದಿನದಿಂದ ಹೇಳುತ್ತಿದ್ದದ್ದು ಸತ್ಯವೇ: ಈ ಚೀಟಿಯಲ್ಲಿ ಬರೆದ ಗಂಟೆ ಇನ್ನೂ ಆಗಿಯೇ ಇಲ್ಲ, ಆಗದ ಗಂಟೆಯ ಚೀಟಿಯನ್ನು ನಾನು ಒಳಗೆ ಬಿಡುವುದಿಲ್ಲ. ಒಂದು ನಿಮಿಷದ ರಿಯಾಯಿತಿ ಕೊಟ್ಟಿದ್ದಳು, ಹನ್ನೆರಡು ನಿಮಿಷದ್ದಲ್ಲ. ಹನ್ನೊಂದು ಸಾವಿರ ನಕ್ಷತ್ರದ ಆ ತುಕ್ಕು ಹಿಡಿದದ್ದು ಇದನ್ನು ನೋಡುತ್ತಲೇ ಇರಲಿಲ್ಲ, ಸುಮ್ಮನೆ ಬಿಡುತ್ತಿತ್ತು. ಇಡೀ ಕಡಬದಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಟೈಮ್ ಸರಿ ಉಂಟಾ ಎಂದು ಕೇಳಿದ್ದಳು, ಸರಿ ಉಂಟು ಎಂದಿದ್ದರು. ಆ ಸೂರಿನ ಅಡಿಯಲ್ಲಿ ಅದೇ ಸರಿಯಾದ ಸಮಯ. ಅವಳು ಇಬ್ಬರನ್ನೂ ಬಸ್ಸು ಹತ್ತಿಸಿ, ತಾನು ಮಾತ್ರ ಓಡಿ ವಾಪಸು ಬಂದಳು.

ಮೂರು ಗಂಟೆಗೆ, ಹೊರಗಿನ ಮೂರು ಗಂಟೆಗೆ, ಗಿರಿಧರರೂ ಕೃಷ್ಣಮೋಹನರೂ ಕಾರಿನಲ್ಲಿ ಬಂದಿಳಿದರು. ಭವಿತಾ ಕಾರಣ ಹೇಳಿದಳು. ಗಿರಿಧರರ ಮುಖ ಮಳೆ ಬಿಟ್ಟ ಅಂಗಳದಂತೆ ತಿಳಿಯಾಯಿತು. "ನೋಡಿ ಸರ್, ನಮ್ಮ ಪ್ರೋಗ್ರಾಮಿನ ತಪ್ಪೇ ಅಲ್ಲ!" ಎಂದು ಕಾರ್ಯದರ್ಶಿಗಳ ಕಡೆ ತಿರುಗಿದರು. ಆಮೇಲೆ ಭವಿತಾಳಿಗೆ, "ಕಡಬದ ಸಿಬ್ಬಂದಿ ಕಂಪ್ಯೂಟರಿನ ಸಮಯ ಕೆಡಿಸಿದ ಕಾರಣ ಅಂತ ವರದಿ ಬರೆ. ಈಗಲೇ" ಎಂದರು.

ಕೃಷ್ಣಮೋಹನರು ಕನ್ನಡಕ ಸರಿಸಿ ಸೇವಂತಿಯಕ್ಕನನ್ನು ನೋಡಿದರು. "ನಿಮಗೆ ಟೈಮ್ ಬದಲಾಯಿಸ್ಲಿಕ್ಕೆ ಯಾರು ಹೇಳಿದ್ದು? ಐದು ದಿನ ಎಲ್ಲರ ತಲೆ ತಿಂದ್ರಿ. ನೀವಿನ್ನೂ ಟೆಂಪರರಿ ಅಲ್ವಾ?"

ಆ ಕೊನೆಯ ಮಾತು ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಸೇವಂತಿಯಕ್ಕ ಸೆರಗನ್ನು ಸೊಂಟಕ್ಕೆ ಇನ್ನೊಮ್ಮೆ ಬಿಗಿಯಾಗಿ ಸಿಕ್ಕಿಸಿಕೊಂಡರು. ಆಮೇಲೆ ಹೇಳಿದರು.

"ಯಾರೂ ಹೇಳ್ಲಿಲ್ಲ ಸರ್. ಎರಡು ವರ್ಷದ ಹಿಂದೆ ಸೀತು ಅಂತ ಒಂದು ಅಜ್ಜಿ, ಇಲ್ಲಿಂದ ಎದ್ದು ಬಸ್ಸಿಗೆ ಅಂತ ಓಡಿ, ಮಾರ್ಗದಲ್ಲಿ ಬಿದ್ದು ಸೊಂಟ ಮುರೀತು. ಮತ್ತೆ ಏಳ್ಲಿಲ್ಲ. ಆ ದಿನ ಗಡಿಯಾರ ಮುಂದೆ ಇಟ್ಟೆ. ಗೋಡೆಯದ್ದು ಒಂದು, ಕಂಪ್ಯೂಟರಿನದ್ದು ಒಂದು ತೋರಿಸಿದ್ರೆ ಇವರಿಗೆಲ್ಲ ಗಲಿಬಿಲಿ, ಅದಕ್ಕೆ ಅದನ್ನೂ ಇಟ್ಟೆ. ಆಮೇಲೆ ಇಲ್ಲಿಂದ ಒಬ್ಬರೂ ಓಡ್ಲಿಲ್ಲ, ಒಬ್ಬರೂ ಬೀಳ್ಲಿಲ್ಲ. ನನ್ನನ್ನು ತೆಗೆಯುದಾದ್ರೆ ತೆಗೀರಿ. ಗಡಿಯಾರ ಹಿಂದೆ ತಿರುಗಿಸ್ಲಿಕ್ಕೆ ನನ್ನ ಕೈ ಬರುದಿಲ್ಲ."

ಭವಿತಾ ಸೇವಂತಿಯಕ್ಕನ ಪಕ್ಕಕ್ಕೆ ಬಂದು ನಿಂತಳು. ತನ್ನಂಥ ಇನ್ನೊಬ್ಬಳು ಇಷ್ಟು ವರ್ಷ ತನ್ನ ಮನೆಯಿಂದ ಬರೀ ಹದಿನೆಂಟು ಮೈಲಿ ಆಚೆ ಬೆಂಚಿನ ಮೇಲೆ ನಿಂತಿದ್ದಾಳೆ, ಯಾರಿಗೂ ಗೊತ್ತಿಲ್ಲ.

"ವರದಿ ಬರೀತೇನೆ" ಎಂದಳು. "ಆದರೆ ನೀವು ಹೇಳಿದ ಹಾಗೆ ಬರೆಯುದಿಲ್ಲ ಸರ್. ತಪ್ಪು ನನ್ನದು. ಮೇಜಿನ ಮೇಲಿನ ಕಂಪ್ಯೂಟರ್ ಹೇಳಿದ ಟೈಮನ್ನು ನನ್ನ ಪ್ರೋಗ್ರಾಂ ಕಣ್ಣು ಮುಚ್ಚಿ ನಂಬಿತು. ಇವತ್ತು ಸೇವಂತಿಯಕ್ಕ ಮುಂದೆ ಇಟ್ಟದ್ದು, ನಾಳೆ ಬ್ಯಾಟರಿ ಹೋಗಿ ಹಿಂದೆ ಬೀಳ್ತದೆ. ನಾನು ಇಲ್ಲಿಗೆ ಬಂದು ನೋಡ್ಬೇಕಿತ್ತು, ಬರ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕುದು ಬೇಡ."

"ಭವಿತಾ, ನೀನು ಯಾರ ಪರ?" ಎಂದು ಗಿರಿಧರರು ಹಲ್ಲು ಕಚ್ಚಿಕೊಂಡು ಕೇಳಿದರು.

"ಹೆಸರು ಹಾಕಿ ಸಹಿ ಮಾಡ್ತೇನೆ ಸರ್, ಸಾಕಲ್ಲ?"

ಕೃಷ್ಣಮೋಹನರಿಗೆ ಈ ತೌಡು ಕುಟ್ಟುವುದೆಲ್ಲ ಬೇಕಾಗಿರಲಿಲ್ಲ. "ಅದೆಲ್ಲ ಇರ್ಲಿ. ಆ ಚೆಕ್ಕನ್ನೇ ತೆಗೆದ್ರೆ ಈಗಲೇ ನಡೀತದಂತಲ್ಲ? ಗಿರಿಧರ ಹೇಳಿದ್ರು."

"ನಡೀತದೆ ಸರ್. ಕುಂಞಚ್ಚನ್ ಅವರ ಕುರ್ಚಿಯೂ ನಡೀತದೆ, ಎಲ್ಲಿಗೆ ಬೇಕಾದ್ರೂ." ಭವಿತಾಳ ಧ್ವನಿ ಏರಲಿಲ್ಲ. "ಅರ್ಧ ಗಂಟೆ ಕೊಡಿ. ಗಡಿಯಾರವೂ ಹಾಗೇ ಇರ್ತದೆ, ಚೆಕ್ಕೂ ಹಾಗೇ ಇರ್ತದೆ. ಆಗ್ಲಿಲ್ಲ ಅಂದ್ರೆ ಕೆಲಸ ಯಾರಿಗೆ ಬೇಕಾದ್ರೂ ಕೊಡಿ. ಆದ್ರೆ ಚೆಕ್ ನನ್ನ ಕೈಯಿಂದ ತೆಗೆಸ್ಲಿಕ್ಕೆ ಆಗುದಿಲ್ಲ."

ಕೃಷ್ಣಮೋಹನರು ಆರು ಕುರ್ಚಿಗಳ ಕಡೆ ನೋಡಿದರು. ಮಂಗಳೂರಿನ ಆಸ್ಪತ್ರೆಗೆ ಕುಂಞಚ್ಚನನ್ನು ನೋಡಲು ಹೋದವರಲ್ಲಿ ಅವರೂ ಒಬ್ಬರು. "ಅರ್ಧ ಗಂಟೆ" ಎಂದು ಕುರ್ಚಿ ಎಳೆದು ಕೂತರು.

ಹದಿನೇಳು ಸಾಲು ಬೇಕಾಯಿತು. ಚೀಟಿ ಬರೆಯುವ ಮೊದಲು ಪ್ರೋಗ್ರಾಂ ಈಗ ಮೇಜಿನ ಗಡಿಯಾರವನ್ನು ಕೇಳುವುದಿಲ್ಲ. ಗಂಟೆ ಎಷ್ಟಾಯಿತು ಎಂದು ಸರ್ವರನ್ನೇ ಕೇಳಿ, ಅದನ್ನೇ ಬರೆದು ಮೊಹರು ಒತ್ತುತ್ತದೆ. ಜೊತೆಗೆ ಆ "ಅಮಾನ್ಯ" ಎಂಬ ಗಂಟನ್ನೂ ಬಿಚ್ಚಿ, ಇನ್ನು ಮುಂದೆ ಚೀಟಿ ವಾಪಸಾದರೆ ಕಾರಣ ಕನ್ನಡದಲ್ಲೇ ಕಾಣುವಂತೆ ಮಾಡಿದಳು. ಆಮೇಲೆ ಎಲ್ಲರ ಎದುರು ಮೊಹರಿಲ್ಲದ ಒಂದು ಚೀಟಿ ಮಾಡಿ ಲ್ಯಾಪ್‌ಟಾಪಿನಿಂದ ಕಳಿಸಿದಳು. ಪರದೆಯಲ್ಲಿ ಕೆಂಪು: "ಮೊಹರು ಇಲ್ಲ. ಒಳಗೆ ಬಿಡಲಾಗದು." ಐದು ದಿನದಲ್ಲಿ ಮೊದಲ ಸಲ ಆ ಕೆಂಪನ್ನು ನೋಡಿ ಅವಳಿಗೆ ಸಂತೋಷವಾಯಿತು.

"ಈಗ ನೀವು ಬರೀರಿ ಸೇವಂತಿಯಕ್ಕ. ಮಂಗಳವಾರ ಕುಂಞಚ್ಚನ್ ಅವರದ್ದು."

ಸೇವಂತಿಯಕ್ಕ ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆದರು. ಹಸಿರು. ದಾಖಲಾದದ್ದು ಮೂರೂ ನಲವತ್ತಾರಕ್ಕೆ ಎಂದಿತ್ತು. ಗೋಡೆಯಲ್ಲಿ ಮೂರೂ ಐವತ್ತೆಂಟು. ಅವರು ಎರಡನ್ನೂ ನೋಡಿದರು. ಮೇಜಿನ ದೊಡ್ಡ ಫೋನಿನಿಂದ ನೆಲ್ಯಾಡಿಗೆ ಕರೆ ಮಾಡಿದರು.

"ವತ್ಸಮ್ಮಾ, ಮಂಗಳವಾರ ಏಳೂವರೆ, ಮೂರನೇ ಕುರ್ಚಿ. ಕಂಪ್ಯೂಟರಲ್ಲಿ ಬಂತು."

ಆ ಕಡೆಯಿಂದ ವತ್ಸಮ್ಮನ ದೊಡ್ಡ ಗಂಟಲು ಎಲ್ಲರಿಗೂ ಕೇಳಿತು. "ಸೆಂಟರಿನ ಟೈಮಾ, ಹೊರಗಿನ ಟೈಮಾ?"

ಸೇವಂತಿಯಕ್ಕ ಭವಿತಾಳ ಮುಖ ನೋಡಿದರು. ಭವಿತಾ ಫೋನು ತೆಗೆದುಕೊಂಡಳು.

"ಯಾವ ಟೈಮಿಗೆ ಬಂದ್ರೂ ಆಗ್ತದೆ ಆಂಟಿ. ಮೆಲ್ಲ ಬನ್ನಿ. ಕುರ್ಚಿ ಅವರದ್ದೇ, ಅದನ್ನು ಇನ್ನು ಯಾರಿಗೂ ಮುಟ್ಲಿಕ್ಕೆ ಆಗುದಿಲ್ಲ."

ಫೋನು ಇಟ್ಟು ಅವಳು ವರದಿ ಬರೆಯಲು ಕೂತಳು. ತಪ್ಪು ಯಾರದ್ದು ಎಂಬ ಜಾಗದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರು ಸೇರಿಸಿ ಬರೆದಳು. ಗಿರಿಧರರು ಅದನ್ನು ಓದಿ, ಸೋಮವಾರ ಒಂಬತ್ತಕ್ಕೆ ಬಾ ಎಂದರು.